ಲೆಕ್ಕದಲ್ಲಿ ಲಾಭ ಇದ್ದರೂ ಕೈಯಲ್ಲಿ ದುಡ್ಡು ಯಾಕಿರಲ್ಲ?

ಬಿಲ್ ಹಾಕಿದ ದಿನವೇ ಲೆಕ್ಕದಲ್ಲಿ ಲಾಭ ಬಂದುಬಿಡುತ್ತದೆ. ದುಡ್ಡು ಬರುವುದು ಗಿರಾಕಿ ಕೊಟ್ಟಾಗ. ನಡುವಿನ ದಿನಗಳ ಖರ್ಚು ನಿಮ್ಮ ಜೇಬಿನದೇ.

ಮೈಸೂರಿನ ಒಂದು ಸಣ್ಣ ಅಗರಬತ್ತಿ ಘಟಕ ಅಂದುಕೊಳ್ಳಿ. ದಸರಾ ವ್ಯಾಪಾರಕ್ಕೆಂದು ಸೆಪ್ಟೆಂಬರ್‌ನಲ್ಲಿ 10 ಲಕ್ಷದ ಮಾಲು ಸಾಲಕ್ಕೆ ಕಳಿಸಿದರು. ಬಿದಿರು ಕಡ್ಡಿ, ಪುಡಿ, ಸುಗಂಧ, ಕೂಲಿ ಅಂತ 8 ಲಕ್ಷ ಆಗಲೇ ಕೈಬಿಟ್ಟಿದೆ. ಲೆಕ್ಕ ಇಡುವ ಸಾಫ್ಟ್‌ವೇರ್ ಟ್ಯಾಲಿ ತೆಗೆದರೆ 2 ಲಕ್ಷ ಲಾಭ, ಪಾಸ್‌ಬುಕ್ ತೆಗೆದರೆ 8 ಲಕ್ಷ ಖಾಲಿ! ಇದರ ಜೊತೆಗೆ ಶೇ. 5 ಜಿಎಸ್‌ಟಿ. ತಿಂಗಳ ರಿಟರ್ನ್ ಹಾಕುವವರಾದರೆ, ಗಿರಾಕಿ ಕೊಡಲಿ ಬಿಡಲಿ, ಖರೀದಿಯ ಮೇಲೆ ಕಟ್ಟಿದ ತೆರಿಗೆ ಕಳೆದು ಉಳಿದದ್ದನ್ನು ಅಕ್ಟೋಬರ್ 20ರೊಳಗೆ ಕಟ್ಟಬೇಕು. ಆರ್ಡರ್ ಜಾಸ್ತಿ ಆದಷ್ಟೂ ಹೀಗೆ ಸಿಕ್ಕಿಕೊಳ್ಳುವ ದುಡ್ಡೂ ಜಾಸ್ತಿ. ಜೋರು ವ್ಯಾಪಾರದ ತಿಂಗಳಲ್ಲೇ ಸಂಬಳಕ್ಕೆ ಪರದಾಡುವುದು ಇದಕ್ಕೇ, ಅಲ್ವಾ?

ಹಾಗಾಗಿ ನನ್ನ ಪ್ರಕಾರ ಲಾಭ-ನಷ್ಟದ ಹಾಳೆಗಿಂತ ಮೊದಲು ಬಾಕಿ ಪಟ್ಟಿ ನೋಡಬೇಕು. ಯಾರ ಬಾಕಿ 30 ದಿನ ದಾಟಿದೆ, ಯಾರದು 90? ಹೊಸ ಆರ್ಡರ್ ಒಪ್ಪುವುದು ಅದನ್ನು ನೋಡಿದ ಮೇಲೆ. ನೀವು ಉದ್ಯಮ್ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ) ನೋಂದಣಿ ಇರುವ ಸಣ್ಣ ತಯಾರಕರಾದರೆ, 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಆ ನೋಂದಣಿ ಸಂಖ್ಯೆಯನ್ನು ಬಿಲ್ ಮೇಲೇ ಅಚ್ಚು ಹಾಕಿಸಿ.