ಮೇಲುಕೋಟೆಗೆ ಭಾರ ಒಯ್ಯುವ ಮುನ್ನ

ಇಲವಾಲದ ಹೊಲದಲ್ಲಿ ಬೆಳಿಗ್ಗೆ ಏಳು ಗಂಟೆಗೆ 700 ದರ್ಜೆಯ ರಿಮೋಟ್ ಮಾಡೆಲ್ ಹೆಲಿಕಾಪ್ಟರಿಗೆ ಒಂದೂವರೆ ಕೆ.ಜಿ. ಮರಳಿನ ಚೀಲವನ್ನು ಮೊಳದುದ್ದದ ಹಗ್ಗದಲ್ಲಿ ಕಟ್ಟಿ, ಎದೆಮಟ್ಟದಲ್ಲಿ ಹೋವರ್ ಮಾಡಿದ (ಗಾಳಿಯಲ್ಲಿ ಒಂದೆಡೆ ನಿಲ್ಲಿಸಿದ) ವಿಡಿಯೊ ಹಾಕಿದ್ದೀರಿ. ಇದೇ ಭಾರವನ್ನು ಭಾನುವಾರ ಮಧ್ಯಾಹ್ನ ಮೇಲುಕೋಟೆಯ ಬಂಡೆಯಂಚಿನಿಂದ ಕಣಿವೆಯ ಮೇಲೆ ಒಯ್ಯುವೆನೆಂದೂ, ಕೇದಾರನಾಥದಲ್ಲಿ ಆದಂತೆ ಆಗದಿರಲು ಗಟ್ಟಿ ಹಗ್ಗ ತಂದಿದ್ದೇನೆಂದೂ ಬರೆದಿದ್ದೀರಿ. ಐದು ವರ್ಷಗಳ ಹಿಂದೆ ಕುಂತಿಬೆಟ್ಟದಲ್ಲಿ ನಾನೂ ಇದನ್ನೇ ಮಾಡಿದ್ದೆ. ಆದ್ದರಿಂದ ಸುಮ್ಮನಿರಲಾಗುತ್ತಿಲ್ಲ.

ಮೊದಲು ಕೇದಾರನಾಥದ ವಿಷಯ. 2024ರ ಆಗಸ್ಟ್ 31ರಂದು ಅಲ್ಲಿ ಕೆಟ್ಟು ನಿಂತಿದ್ದ ಹೆಲಿಕಾಪ್ಟರೊಂದನ್ನು ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ತೂಗಿಸಿಕೊಂಡು ಗೌಚರ್ ಕಡೆಗೆ ಹೊರಟಿತ್ತು. ಸ್ವಲ್ಪ ದೂರ ಸಾಗುವಷ್ಟರಲ್ಲಿ ಭಾರಕ್ಕೂ ಗಾಳಿಗೂ ಸಮತೋಲ ತಪ್ಪತೊಡಗಿದ್ದರಿಂದ ಥಾರು ಕ್ಯಾಂಪಿನ ಬಳಿ ಭಾರವನ್ನು ಕಣಿವೆಗೆ ಬಿಡಬೇಕಾಯಿತೆಂದು ಅಲ್ಲಿನ ಅಧಿಕಾರಿಗಳು ತಿಳಿಸಿದರು. ಯಾರಿಗೂ ಪೆಟ್ಟಾಗಲಿಲ್ಲ. ನೀವು ಹಗ್ಗವನ್ನೇ ನೋಡುತ್ತಿದ್ದೀರಿ. ನೋಡಬೇಕಾದದ್ದು ಗಾಳಿಯ ತೆಳುವನ್ನು ಮತ್ತು ಭಾರ ಕಳಚುವ ಕೊಕ್ಕೆಯನ್ನು.

ಕೇದಾರನಾಥ ಸುಮಾರು 3,580 ಮೀಟರ್ ಎತ್ತರದಲ್ಲಿದೆ. ಪ್ರಮಾಣಿತ ಲೆಕ್ಕದಲ್ಲಿ ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ್ದರಲ್ಲಿ ಶೇಕಡಾ 70ರಷ್ಟು ಮಾತ್ರ. ನಮ್ಮೂರಿನಲ್ಲಿ ಅಂಥ ತೊಂದರೆ ಇಲ್ಲವೆಂದು ಭಾವಿಸಬೇಡಿ. ಮೈಸೂರಿನ ಎತ್ತರ ಸುಮಾರು 760 ಮೀಟರ್. ಆದರೆ 35 ಡಿಗ್ರಿ ಬಿಸಿಲಿನ ಮಧ್ಯಾಹ್ನ ರೋಟರಿಗೆ (ಮೇಲೆ ತಿರುಗುವ ರೆಕ್ಕೆಗಳಿಗೆ) ಸಿಗುವುದು ಸರಿಸುಮಾರು 1,600 ಮೀಟರ್ ಎತ್ತರದ ಗಾಳಿ. ಏಳು ಗಂಟೆಯ ತಂಪಿನಲ್ಲಿ ಎತ್ತಿದ ಭಾರವನ್ನು ಎರಡು ಗಂಟೆಗೆ ಎತ್ತಬಲ್ಲೆನೆಂದು ಲೆಕ್ಕ ಹಾಕಿದ್ದೇ ನನ್ನ ಮೊದಲ ತಪ್ಪು.

ಎರಡನೆಯದು ಇನ್ನೂ ದೊಡ್ಡದು. ನಿಮ್ಮ ರೋಟರಿನ ವ್ಯಾಸ ಒಂದೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು. ವಿಡಿಯೊದಲ್ಲಿ ಅದು ನೆಲದಿಂದ ಅಷ್ಟು ಎತ್ತರದಲ್ಲೂ ಇಲ್ಲ, ಅಂದರೆ ಇಡೀ ಹೋವರ್ ಗ್ರೌಂಡ್ ಎಫೆಕ್ಟಿನೊಳಗೇ (ನೆಲ ಹತ್ತಿರವಿದ್ದಾಗ ರೋಟರಿಗೆ ಸಿಗುವ ಹೆಚ್ಚುವರಿ ಆಸರೆಯೊಳಗೇ) ನಡೆದಿದೆ. ಬಂಡೆಯಂಚು ದಾಟಿದ ಕ್ಷಣದಲ್ಲಿ ಆ ಆಸರೆ ಇಲ್ಲವಾಗುತ್ತದೆ. ಕುಂತಿಬೆಟ್ಟದಲ್ಲಿ ನಾನು ಕಟ್ಟಿದ್ದು ಮಂಡ್ಯದ ಬೆಲ್ಲದ ಅಚ್ಚುಗಳ ಚೀಲ, ಒಂದು ಕೆ.ಜಿ. ಇನ್ನೂರು ಗ್ರಾಂ. ಅಂಚು ದಾಟುತ್ತಲೇ ಮಾಡೆಲ್ ಕುಸಿಯಿತು. ನಾನು ಕಲೆಕ್ಟಿವ್ ಏರಿಸಿದೆ, ಅಂದರೆ ಎಲ್ಲ ಬ್ಲೇಡುಗಳ ಓರೆಯನ್ನು (ಪಿಚ್) ಒಟ್ಟಿಗೆ ಹೆಚ್ಚಿಸಿದೆ. ರೋಟರಿನ ವೇಗ ಕಾಯುವ ಗವರ್ನರ್ ಮೋಟರನ್ನು ಆಗಲೇ ಪೂರ್ತಿ ತೆರೆದಿದ್ದರಿಂದ ಹೆಡ್‌ಸ್ಪೀಡ್ (ಮುಖ್ಯ ರೋಟರ್ ತಿರುಗುವ ವೇಗ) ಇಳಿಯಿತು. ಮೂತಿಯನ್ನು ನೇರ ಹಿಡಿಯುವ ಬಾಲದ ಟೇಲ್ ರೋಟರ್ ಮುಖ್ಯ ರೋಟರಿನ ಗೇರಿಗೇ ಜೋಡಿಸಿದ್ದಾದ್ದರಿಂದ ಅದೂ ಸೊರಗಿ, ಮೂತಿ ತಿರುಗತೊಡಗಿತು. ಆಗ ಮಾಡಬೇಕಾದದ್ದು ಪಿಚ್ ಇಳಿಸಿ ಭಾರವನ್ನು ಕಳಚುವುದು. ಕಳಚುವ ಸ್ವಿಚ್ ಒತ್ತಿದೆ. ಆದರೆ ಓರೆಯಾಗಿ ಬಿಗಿದ ಹಗ್ಗ ಕೊಕ್ಕೆಯ ಪಿನ್ನನ್ನು ಪಕ್ಕಕ್ಕೆ ಜಗ್ಗಿದ್ದರಿಂದ ಅದು ತೂತಿನಲ್ಲೇ ಕಚ್ಚಿಕೊಂಡಿತು. ಆಮೇಲೆ ಬಂಡೆಗಳ ಸಂದಿನಿಂದ ಹೆಕ್ಕಿ ತೆಗೆದಾಗಲೂ ಪಿನ್ ಅಲ್ಲೇ ಇತ್ತು, ಅದರ ಒಂದು ಬದಿಯಲ್ಲಿ ಉಗುರಿನಿಂದ ಗೀರಿದಂಥ ಹೊಳಪುಗೆರೆ ಮೂಡಿತ್ತು. ಮನೆಯಲ್ಲಿ ನೂರು ಸಲ ಪರೀಕ್ಷಿಸಿದ್ದ ಕೊಕ್ಕೆ ಅದು, ಆದರೆ ಒಮ್ಮೆಯೂ ಭಾರ ತೂಗಿಸಿ ಪರೀಕ್ಷಿಸಿರಲಿಲ್ಲ.

ಅಂದಿನಿಂದ ನಾನು ಪ್ಯಾರಾಚೂಟಿನವರು ಬಳಸುವ ಮೂರು ಬಳೆಗಳ ಕಟ್ಟನ್ನೇ ಬಳಸುತ್ತಿದ್ದೇನೆ. ನಡುವಣ ಬಳೆಯನ್ನು ದೊಡ್ಡದರೊಳಗೆ ಹಾಯಿಸಿ ಮಡಚಬೇಕು, ಚಿಕ್ಕದನ್ನು ನಡುವಣದರೊಳಗೆ ಹಾಯಿಸಿ ಮಡಚಬೇಕು, ಚಿಕ್ಕದರೊಳಗಿಂದ ನೂಲಿನ ಕುಣಿಕೆ ತೂರಿಸಿ ಅದಕ್ಕೆ ಪಿನ್ ಸಿಕ್ಕಿಸಬೇಕು. ಒಂದೊಂದು ಬಳೆಯೂ ಎಳೆತವನ್ನು ತಗ್ಗಿಸುವುದರಿಂದ ಪಿನ್ನಿಗೆ ತಲುಪುವುದು ಅದರ ಸಣ್ಣ ಪಾಲು ಮಾತ್ರ. ಲಗೇಜು ತೂಗುವ ಕೈತಕ್ಕಡಿಯಿಂದ ಭಾರದ ಮೂರು ಪಟ್ಟು ಎಳೆದು, ನೇರವಾಗಿಯೂ ಓರೆಯಾಗಿಯೂ ಹತ್ತು ಸಲ ಕಳಚಿ ನೋಡಿ. ಪಿನ್ ಎಳೆಯುವ ಪುಟ್ಟ ಮೋಟರ್, ಅಂದರೆ ಸರ್ವೊ, ಲೋಹದ ಗೇರಿನದೇ ಇರಲಿ. ದುಬಾರಿ ಬ್ಲೇಡಿನ ಕೆಳಗೆ ಅಗ್ಗದ ಸರ್ವೊ ಹಾಕುವುದು ದಯವಿಟ್ಟು ಬೇಡ.

ಹೋವರ್ ಪರೀಕ್ಷೆಗೆ ಮೂರೂವರೆ ಮೀಟರ್ ಹಗ್ಗ ಕಟ್ಟಿ, ಆಗ ಗ್ರೌಂಡ್ ಎಫೆಕ್ಟ್ ತಾನಾಗಿಯೇ ತಪ್ಪುತ್ತದೆ. ಮಧ್ಯಾಹ್ನ ಎರಡು ಗಂಟೆಗೆ, ಅರ್ಧ ಖಾಲಿಯಾದ ಬ್ಯಾಟರಿ ಪ್ಯಾಕಿನಲ್ಲಿ ಒಂದು ನಿಮಿಷ ನಿಲ್ಲಿಸಿ, ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ) ಲಾಗ್ ತೆರೆದು ನೋಡಿ. ಔಟ್‌ಪುಟ್ ಶೇಕಡಾ 80 ದಾಟಿದ್ದರೆ ಅಥವಾ ಮೂರು ಡಿಗ್ರಿ ಪಿಚ್ ಬಾಕಿ ಉಳಿದಿಲ್ಲದಿದ್ದರೆ ಮರಳು ಕಡಿಮೆ ಮಾಡಿ. ಈ ಅಂಕಿಗಳು ನನ್ನ ಮಾಡೆಲ್ ಅಲೈನ್ ಟಿ-ರೆಕ್ಸ್ 700ಕ್ಕೆ ಹೊಂದಿದವು. ನಿಮ್ಮ ಬ್ಲೇಡು, ಗೇರು ಬೇರೆಯಾದರೆ ಇನ್ನೂ ಎಚ್ಚರ ಬೇಕು. ದೊಡ್ಡ ಮೋಟರ್ ಹಾಕಿದರಾಯಿತೆಂದು ಗುಂಪಿನಲ್ಲಿ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ನಮ್ಮ ಎಚ್‌ಎಎಲ್ ಕಟ್ಟಿದ ಚೀತಾ ಹೆಲಿಕಾಪ್ಟರಿನ ಮೂಲವಾದ ಫ್ರಾನ್ಸಿನ ಲಾಮಾ 1972ರಲ್ಲಿ 12,442 ಮೀಟರ್ ಏರಿದ್ದು ಬೇಡದ್ದನ್ನೆಲ್ಲ ಕಳಚಿ ಹಗುರ ಮಾಡಿದ ಮೇಲೆಯೇ.

ಭಾರ ಕಳಚಿದ ಮೇಲೆ ಬರಿ ಹಗ್ಗವನ್ನು ಎಳೆದುಕೊಂಡು ವೇಗವಾಗಿ ಮುಂದೆ ಹೋಗಬೇಡಿ, ಅದು ತೇಲಿ ಟೇಲ್ ರೋಟರಿಗೆ ಸುತ್ತಿಕೊಳ್ಳುತ್ತದೆ. 2017ರ ಅಕ್ಟೋಬರ್ 6ರಂದು ತವಾಂಗ್ ಬಳಿ ಸರಕು ಇಳಿಸುತ್ತಿದ್ದ ಎಂಐ-17 ಬಿದ್ದು ಏಳು ಮಂದಿ ತೀರಿಕೊಂಡಾಗ, ಸರಕಿನ ಪ್ಯಾರಾಚೂಟ್ ಟೇಲ್ ರೋಟರಿಗೆ ಸಿಲುಕಿತ್ತೆಂದು ವರದಿಯಾಗಿತ್ತು. ಹಗ್ಗವೂ ಭಾರದ ಜೊತೆಯಲ್ಲೇ ಬೀಳುವಂತೆ ಬಳೆಗಳ ಕಟ್ಟನ್ನು ಮಾಡೆಲ್ಲಿನ ಹೊಟ್ಟೆಯ ಹತ್ತಿರವೇ ಇಡಿ.

ಭಾನುವಾರ ಮೇಲುಕೋಟೆ ಬೇಡ. ಅಲ್ಲಿ ದೇವಸ್ಥಾನಕ್ಕೆ ಬಂದ ಜನ ಬಂಡೆಗಳ ಮೇಲೆಲ್ಲ ಕುಳಿತಿರುತ್ತಾರೆ. ಶನಿವಾರ ಎರಡು ಗಂಟೆಗೆ ಇಲವಾಲದ ಹೊಲಕ್ಕೆ ಬನ್ನಿ. ಕೈತಕ್ಕಡಿಯನ್ನೂ ಮೂರು ಬಳೆಗಳ ಒಂದು ಕಟ್ಟನ್ನೂ ನಾನು ತರುತ್ತೇನೆ. ಮರಳಿನ ಚೀಲವನ್ನು ನೀವು ತನ್ನಿ.