ಗೂಡ್ಸ್ ರೈಲಿನಲ್ಲಿ ಗಾರ್ಡ್ ಕೆಲಸ ಹೇಗಿರುತ್ತೆ?

ಕೊಡಗಿನವರು ಗೂಡ್ಸ್ ಗಾರ್ಡ್ ಕೆಲಸಕ್ಕೆ ಸೇರಬಹುದಾ, ಜೀವನ ಹೇಗಿರುತ್ತೆ ಅಂತ ಕೇಳಿದ್ದೀರಿ. ನಾನು ಕೊಡ್ಲಿಪೇಟೆ ಕಡೆಯವನು, ಅದೇ ಕೆಲಸದಲ್ಲಿದ್ದೇನೆ. 2022ರಲ್ಲಿ ನಮ್ಮ ಹುದ್ದೆಯ ಹೆಸರು ಟ್ರೈನ್ ಮ್ಯಾನೇಜರ್ ಅಂತ ಆಯಿತು. ಊರಲ್ಲಿ ಮಾತ್ರ ಇನ್ನೂ ಗಾರ್ಡೇ. ಜಿಲ್ಲೆಯಲ್ಲಿ ಒಂದಡಿ ಹಳಿಯೂ ಇಲ್ಲ ನೋಡಿ, ನಮ್ಮಜ್ಜಿ ಈಗಲೂ ನಾನು ಟಿಕೆಟ್ ಕೊಡ್ತೀನಿ ಅಂದುಕೊಂಡಿದ್ದಾರೆ.

ನನ್ನ ಜಾಗ ರೈಲಿನ ಕಟ್ಟಕಡೆಯ ಬ್ರೇಕ್ ವ್ಯಾನ್. ಹಳೇ ವ್ಯಾನ್ ಸಿಕ್ಕಿದರೆ ಲೈಟಿಲ್ಲ, ಫ್ಯಾನಿಲ್ಲ, ಟಾಯ್ಲೆಟ್ ಇಲ್ಲ. ಲೋಕೋ ಪೈಲಟ್ ಇರೋದು ಅರ್ಧ ಕಿಲೋಮೀಟರಿಗಿಂತ ಮುಂದೆ. ಮಾತಿಗೆ ವಾಕಿಟಾಕಿ, ನೋಡೋಕೆ ಪ್ರೆಷರ್ ಗೇಜು. ಮುಳ್ಳು ಐದರ ಹತ್ತಿರ ಇದ್ದರೆ ಬ್ರೇಕ್ ಪೈಪಿನಲ್ಲಿ ಗಾಳಿ ಸರಿಯಾಗಿದೆ ಅಂತ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗ. 50 ಮೀಟರ್ ಹೋದರೆ 1 ಮೀಟರ್ ಇಳಿಜಾರು. ಅಲ್ಲಿ ಕಣ್ಣು ಮುಳ್ಳಿನ ಮೇಲೇ ಇರಬೇಕು. ಒಂದು ಜುಲೈ ರಾತ್ರಿ ಎಡಕುಮೇರಿ ಹತ್ತಿರ ಮುಳ್ಳು ದಡಕ್ಕನೆ ಬಿತ್ತು, ಗಾಳಿ ಹೋಗಿ ಬ್ರೇಕ್ ಹಿಡಿದು ಗಾಡಿ ನಿಂತಿತು. ಟಾರ್ಚ್ ಹಿಡಿದು ಇಳಿದೆ. ಒಂದು ಕಡೆ ಬಂಡೆ, ಒಂದು ಕಡೆ ವ್ಯಾಗನ್, ನಡುವೆ ಜಾರುವ ಜಲ್ಲಿ. ಮಳೆ ಸದ್ದಿನಲ್ಲಿ ಬೇರೇನೂ ಕೇಳಿಸಲ್ಲ. ಒಂದೊಂದೇ ಜೋಡಣೆಗೆ ಕಿವಿ ಕೊಡುತ್ತಾ ಹೋದೆ. ಕೊನೆಗೆ ಒಂದು ಕಡೆ ಬುಸ್ಸ್ ಅಂತಿತ್ತು, ಹೋಸ್ ಪೈಪ್ ಕಳಚಿಕೊಂಡಿತ್ತು. ಅಷ್ಟರಲ್ಲಿ ಮುಂದಿನಿಂದ ಅಸಿಸ್ಟೆಂಟ್ ಪೈಲಟ್ಟೂ ಬಂದರು, ಇಬ್ಬರೂ ಸೇರಿ ಕೂಡಿಸಿದೆವು. ವಾಪಸ್ ಬಂದು ಶೂ ಬಿಚ್ಚಿದರೆ ಏಳು ಜಿಗಣೆ. ತೋಟದಲ್ಲಿ ಬೆಳೆದವರಿಗೆ ಇದೇನು ಹೊಸದಲ್ಲ, ಅಲ್ವಾ? ಜೊತೆಗಿದ್ದ ಬಯಲುಸೀಮೆ ಹುಡುಗ ಮಾತ್ರ ಕಿರುಚಿಬಿಟ್ಟ.

ನಿಜ ಹೇಳಬೇಕಂದ್ರೆ, ಇದೆಲ್ಲ ಕಷ್ಟವೇ ಅಲ್ಲ. ಕಷ್ಟ ಅಂದರೆ ಕಾಯೋದು. ಗೂಡ್ಸ್‌ಗೆ ಪ್ಯಾಸೆಂಜರ್ ಗಾಡಿಯ ಹಾಗೆ ಗಟ್ಟಿ ಟೈಮ್‌ಟೇಬಲ್ ಇಲ್ಲ. ಎಕ್ಸ್‌ಪ್ರೆಸ್ ಬಂತು ಅಂದರೆ ನಮ್ಮನ್ನು ಲೂಪ್ ಲೈನಿಗೆ, ಅಂದರೆ ಸ್ಟೇಷನ್ನಿನ ಪಕ್ಕದ ಹಳಿಗೆ ತಳ್ಳುತ್ತಾರೆ. ಒಂದು ಗಂಟೆಯೂ ಆಗಬಹುದು, ನಾಲ್ಕೂ ಆಗಬಹುದು. ಡ್ಯೂಟಿಗೆ ಕರೆಯೂ ಅಷ್ಟೆ, ಮಧ್ಯರಾತ್ರಿ ಎರಡಕ್ಕೂ ಬರುತ್ತೆ. ಒಂದು ವರ್ಷ ಹುತ್ತರಿಗೆ ಮನೆಯವರು ಕದಿರು ಕೊಯ್ಯುವಾಗ ನಾನು ಅರಸೀಕೆರೆ ಕಡೆ ಲೂಪಿನಲ್ಲಿ ನಿಂತಿದ್ದೆ. 'ಪೊಲಿ ಪೊಲಿ ದೇವಾ' ಕೂಗನ್ನು ಫೋನಲ್ಲೇ ಕೇಳಿಸಿಕೊಂಡೆ. ಡಬ್ಬಿಯಲ್ಲಿದ್ದ ಅಕ್ಕಿರೊಟ್ಟಿ ಅಷ್ಟೊತ್ತಿಗೆ ಚಪ್ಪಲಿ ಥರ ಆಗಿತ್ತು.

ಸಂಬಳದ ಬಗ್ಗೆ ದೂರಿಲ್ಲ. ಮೂಲ ಸಂಬಳದ ಜೊತೆ ಓಡಿದ ಕಿಲೋಮೀಟರಿಗೆ ಭತ್ಯೆ ಸೇರುತ್ತೆ. ಸೇರೋಕೆ ಯಾವುದಾದರೂ ಡಿಗ್ರಿ ಸಾಕು, ರೈಲ್ವೆಯ ಎನ್‌ಟಿಪಿಸಿ ಪರೀಕ್ಷೆ ಬರೆಯಬೇಕು. ಆದರೆ ಮೆಡಿಕಲ್‌ನಲ್ಲಿ ಕಣ್ಣನ್ನು ಬಹಳ ಕಟ್ಟುನಿಟ್ಟಾಗಿ ನೋಡುತ್ತಾರೆ. ಕೆಂಪು, ಹಸಿರು ಗುರುತಿಸೋಕೆ ತೊಂದರೆ ಇದ್ದರೆ ಈ ಹುದ್ದೆ ಸಿಗಲ್ಲ. ಕೋಚಿಂಗಿಗೆ ದುಡ್ಡು ಕಟ್ಟೋಕೆ ಮುಂಚೆ ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಒಮ್ಮೆ ಕಣ್ಣು ತೋರಿಸಿಕೊಳ್ಳಿ.