ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟದ ಎಳೆತದಿಂದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ) ಕಲಿಯಲು ಜನವರಿಯಲ್ಲಿ ತಾಂಜಾನಿಯಾದ ಜಾಂಜಿಬಾರ್ ದ್ವೀಪಕ್ಕೆ ಹೋಗಬಹುದೇ?

ಧಾರಾಳವಾಗಿ ಹೋಗಿ; ಪೂರ್ವ ಕರಾವಳಿಯ ಪಾಜೆ ಎಂಬ ಊರನ್ನೇ ಆರಿಸಿಕೊಳ್ಳಿ. ಡಿಸೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಅಲ್ಲಿ ‘ಕಸ್ಕಾಜಿ’ ಎಂಬ ಈಶಾನ್ಯ ಮಾರುತ ಬೀಸುತ್ತದೆ. ದೂರದ ಹವಳದ ದಿಬ್ಬ ದೊಡ್ಡ ಅಲೆಗಳನ್ನು ತಡೆಯುವುದರಿಂದ ಒಳಗಿನ ನೀರು ಕೆರೆಯಂತೆ ಶಾಂತ. ಆದರೆ ಎಲ್ಲವೂ ಉಬ್ಬರವಿಳಿತದ ಕೈಯಲ್ಲಿದೆ. ಇಳಿತದಲ್ಲಿ ಸಮುದ್ರ ನೂರಾರು ಮೀಟರ್ ಹಿಂದೆ ಸರಿಯುತ್ತದೆ. ತುಂಬು ಉಬ್ಬರದಲ್ಲಿ ದಡವೇ ಕಿರಿದಾಗುತ್ತದೆ. ಸೊಂಟಮಟ್ಟ ನೀರಿರುವಾಗ ಪಾಠ ಇಟ್ಟುಕೊಳ್ಳಿ. ಆ ಹೊತ್ತು ದಿನವೂ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಪ್ರವಾಸದ ದಿನಾಂಕ ನಿಗದಿಪಡಿಸುವ ಮುನ್ನ ಉಬ್ಬರದ ಪಟ್ಟಿ ನೋಡಿ. ತಳದಲ್ಲಿ ಸೀ ಅರ್ಚಿನ್ ಎಂಬ ಮುಳ್ಳಿನ ಚೆಂಡಿನಂಥ ಜೀವಿಗಳಿರುತ್ತವೆ, ರಬ್ಬರ್ ಶೂ ಬೇಕೇ ಬೇಕು. ಹಲಗೆಯ ಮೇಲೆ ನಿಲ್ಲುವ ಆತುರ ಬೇಡ: ಪಟವನ್ನು ಹತೋಟಿಯಲ್ಲಿಡುವುದನ್ನೂ ಅಪಾಯದಲ್ಲಿ ತಟ್ಟನೆ ಕಳಚುವುದನ್ನೂ ತರಬೇತುದಾರರಿಂದ ಮೊದಲು ಕಲಿಯಿರಿ.